ಗೊಲ್ಲರಹಟ್ಟಿ, ಮ್ಯಾಸರಹಟ್ಟಿ, ತಾಂಡಾ: ಎಲ್ಲಿಗೆ ನಡೆಯುವುದು ವಾಸಿ?

ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ ಮುಗಿಸಿ ಒಂದು ಹಟ್ಟಿಯನ್ನೂ ನಡೆದೇ ನೋಡಬೇಕು ಅನ್ನುವವರಿಗೆ ಮೂರು ದಾರಿಗಳಿವೆ. ಚಳ್ಳಕೆರೆ, ಹಿರಿಯೂರು ಕಡೆ ಕಾಡುಗೊಲ್ಲರ ಹಟ್ಟಿ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸಬೇಡರ ಹಟ್ಟಿ, ದಾವಣಗೆರೆ ಜಿಲ್ಲೆಯ ನ್ಯಾಮತಿ ಕಡೆ ಲಂಬಾಣಿ ತಾಂಡಾ. ಮೂರನ್ನೂ ಬೇರೆ ಬೇರೆ ತಿಂಗಳಲ್ಲಿ ನಡೆದು ನೋಡಿ ಬರೆದದ್ದು ಇದು. ರೊಪ್ಪದ, ಅಂದರೆ ಕುರಿ, ದನ ಕೂಡುವ ಮುಳ್ಳುಬೇಲಿಯ ದೊಡ್ಡಿಯ, ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರದಿದ್ದರೆ ಎಲ್ಲಿಗೆ ಹೋದರೂ ಕಾಣುವುದು ಖಾಲಿ ಬೀದಿ ಮತ್ತು ನಾಯಿ.

ಮೊದಲ ಸಲದವರಿಗೆ ಗೊಲ್ಲರಹಟ್ಟಿ ವಾಸಿ. ಅವರ ಮನೆಮಾತು ಕನ್ನಡ, ನಡುವೆ ದುಭಾಷಿ ಬೇಕಿಲ್ಲ. ಆದರೆ ಸೂರ್ಯ ಹುಟ್ಟುವ ಮುಂಚೆ ಓಡಿಹೋಗುವುದು ದಂಡ. ಇಬ್ಬನಿ ಕೂತ ಹುಲ್ಲು ಮೇಯ್ದರೆ ಕುರಿಗೆ ಹೊಟ್ಟೆ ಕೆಡುತ್ತದೆ, ಹುಳು ಸೇರುತ್ತದೆ ಅಂತ ಬಿಸಿಲು ಬಲಿಯುವ ತನಕ ಮಂದೆ ಬಿಡುವುದಿಲ್ಲ. ಮಳೆಗಾಲ, ಚಳಿಗಾಲದಲ್ಲಿ ಎಂಟೂವರೆ, ಒಂಬತ್ತು ಆಗುತ್ತದೆ. ಏಳೂವರೆಗೆ ತಲುಪಿದರೆ ಸಾಕು. ನೋಡಬೇಕಾದ್ದು ಬಾಗಿಲಲ್ಲಿ ನಡೆಯುವ ಕೆಲಸ. ಮುಳ್ಳಿನ ತಡಿಕೆಯನ್ನು ಒಂದು ಕುರಿ ನುಸುಳುವಷ್ಟೇ ಸರಿಸಿ ಒಬ್ಬರು ನಿಲ್ಲುತ್ತಾರೆ. ದೊಡ್ಡವು ಹೊರಗೆ ನುಗ್ಗುತ್ತವೆ, ತಾಯಿಯ ಹಿಂದೆ ಓಡಿಬರುವ ಎಳೆ ಮರಿಯನ್ನು ಮೊಣಕಾಲಿಂದ ತಡೆದು ಕಿವಿ ಹಿಡಿದು ಒಳಕ್ಕೆ ತಳ್ಳುತ್ತಾರೆ. ಆಗ ಮಧ್ಯೆ ನುಗ್ಗಿ ಫೋಟೋ ತೆಗೆದರೆ ಮಂದೆ ಬೆದರಿ ಮರಿಗಳೂ ಹೊರಗೆ ಸೇರಿಹೋಗುತ್ತವೆ. ಅವನ್ನು ಬೇರ್ಪಡಿಸುವುದಕ್ಕೆ ಅರ್ಧ ಗಂಟೆ ಬೇಕು, ಬೈಗುಳ ಬೇರೆ.

ಹಟ್ಟಿಯ ಗುಡಿ ಸುತ್ತ ಚಪ್ಪಲಿ ನಿಷಿದ್ಧ. ಎಲ್ಲಿ ಬಿಡಬೇಕೆಂದು ಪೂಜಾರಿಯನ್ನು ಕೇಳಿ, ನೀವೇ ಊಹಿಸಬೇಡಿ. ಕಾಡುಗೊಲ್ಲರ ದೈವ ಜುಂಜಪ್ಪನ ಕಾವ್ಯಕ್ಕೆ ಊದುವ ಗಣೆ, ಅಂದರೆ ಉದ್ದನೆ ಬಿದಿರ ಕೊಳಲು, ಅವರಿಗೆ ದೇವರ ಸಾಮಾನು. 'ಸ್ವಲ್ಪ ಊದಿ ತೋರಿಸಿ' ಅನ್ನುವುದು ಸಲ್ಲ. ತಿಂಗಳ ಸೂತಕದ ಮಾತೂ ಬರುತ್ತದೆ. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿಡುವ ರೂಢಿ ಕೆಲವೆಡೆ ಇನ್ನೂ ಇದೆ, 2017ರ ವಾಮಾಚಾರ ತಡೆ ಕಾಯ್ದೆ ಅದನ್ನು ಅಪರಾಧವೆಂದಿದೆ. ಗುಂಪಿನ ಹೆಣ್ಣುಮಕ್ಕಳಿಗೆ ಇದನ್ನು ಹೊರಡುವ ಮುನ್ನವೇ ಹೇಳಿ, ಬಾಗಿಲಲ್ಲಿ ನಿಲ್ಲಿಸಿ ಮುಜುಗರ ಮಾಡಬೇಡಿ. ಅದು 'ಸಂಸ್ಕೃತಿ' ಅಂತ ಸಮಜಾಯಿಷಿ ಕೊಡುವ ಗೈಡನ್ನು ಬದಲಿಸುವುದೇ ಸರಿ.

ನಡಿಗೆಗೆ ಮಾತ್ರ ಅಂಕ ಕೊಡುವುದಾದರೆ ಮೊಳಕಾಲ್ಮೂರು ದಾರಿ ಮುಂದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಕಿರು ಶಿಲಾಶಾಸನಗಳಿವೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದವು. ಬರೆದವನು ಚಪಡ. ಬ್ರಾಹ್ಮಿಯಲ್ಲಿ ತನ್ನ ಹೆಸರು ಬರೆದು, 'ಲಿಪಿಕಾರ' ಅನ್ನುವ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಇವುಗಳ ಜೊತೆ ದೇವರ ಎತ್ತುಗಳ ರೊಪ್ಪವನ್ನೂ ನಡೆದು ನೋಡಿದರೆ ಬೆಳಗು ತುಂಬುತ್ತದೆ. ಈ ದನಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವ ಕಿಲಾರಿ ಬರಿಗಾಲಲ್ಲೇ ಇರುತ್ತಾನೆ. ದನ ಕುರಿಗಿಂತ ಬೇಗ ಹೊರಡುತ್ತವೆ, ಹಾಗಾಗಿ ಇಲ್ಲಿ ಮೊದಲು ರೊಪ್ಪ, ಆಮೇಲೆ ಶಾಸನ. ಬಹಳ ಗೈಡುಗಳು ಇದನ್ನು ತಿರುವುಮುರುವು ಮಾಡಿ ಕೆಡಿಸುತ್ತಾರೆ. ಮ್ಯಾಸರು ಕೋಳಿ ತಿನ್ನುವುದಿಲ್ಲ, ಬುತ್ತಿಯಲ್ಲಿ ಕೋಳಿ, ಮೊಟ್ಟೆ ಬೇಡ. ಮನೆಯೊಳಗೆ ತೆಲುಗು ನಡೆಯುತ್ತದೆ, ಹಿರಿಯರ ಹಾಡು, ಕಥೆ ತಿಳಿಯಲು ಆ ಊರಿನವರೇ ಜೊತೆಗಿರಬೇಕು.

ಚಳ್ಳಕೆರೆ ಸುತ್ತ ಇನ್ನೊಂದು ತೊಡಕು. ಅಮೃತಮಹಲ್ ಕಾವಲಿನ, ಅಂದರೆ ಆ ತಳಿಯ ದನಗಳಿಗೆ ಮೀಸಲಿದ್ದ ಹುಲ್ಲುಗಾವಲಿನ, ದೊಡ್ಡ ಭಾಗ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ (ಬಾರ್ಕ್), ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾದ ಮೇಲೆ ಹಳೆ ದನದ ದಾರಿಗಳು ಕಾಂಪೌಂಡಿಗೆ ಬಂದು ಮುಗಿಯುತ್ತವೆ. ಹಳೆ ನಕ್ಷೆ ನಂಬಿದರೆ ಬಿಸಿಲಲ್ಲಿ ವಾಪಸ್ ನಡೆಯಬೇಕು. ಗೋಡೆ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

ತಾಂಡಾ ಮೂರರಲ್ಲಿ ಹಗುರ ನಡಿಗೆ, ಮಕ್ಕಳಿದ್ದರೆ ಇದೇ ಆಗಲಿ. ಸಂತ ಸೇವಾಲಾಲರ ಹುಟ್ಟೂರು ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಸೇವಾಲಾಲ್ ಮತ್ತು ಮರಿಯಮ್ಮನ ಗುಡಿ ನೋಡಿ, ಹತ್ತಿರದ ಸಣ್ಣ ತಾಂಡಾಕ್ಕೆ ನಡೆಯುವುದು ಒಳ್ಳೆಯದು. ಫೆಬ್ರವರಿ 15ರ ಜಯಂತಿ ಸಮಯದಲ್ಲಿ ಬೇಡ, ಜನಸಾಗರದಲ್ಲಿ ತಾಂಡಾ ಕಾಣುವುದಿಲ್ಲ. ಮೊದಲು 'ರಾಮ್ ರಾಮ್' ಅಂದು ತಾಂಡಾದ ನಾಯಕನನ್ನು ಕಾಣಿ. ಕಾಫಿ ಕೊಯ್ಲು ಶುರುವಾದ ಮೇಲೆ, ಡಿಸೆಂಬರಿನಿಂದ ಆಚೆಗೆ, ಅರ್ಧ ಮನೆಗಳಿಗೆ ಬೀಗ. ಕೂಲಿಗೆ ಚಿಕ್ಕಮಗಳೂರು, ಕೊಡಗು ಹತ್ತಿರುತ್ತಾರೆ. ಶ್ರಾವಣದ ತೀಜ್ ವೇಳೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿ ಮೊಳಕೆ ಬೆಳೆಸುತ್ತಾರೆ, ಆಗ ಹೋದವರೇ ಜಾಣರು. ಕನ್ನಡಿ, ಕವಡೆ ಹೊಲಿದ ಫೇಟಿಯಾ (ಲಂಗ), ಕಾಂಚಳಿ (ಕುಪ್ಪಸ) ದಿನವೂ ತೊಡುವವರು ಈಗ ಹೆಚ್ಚಾಗಿ ಅಜ್ಜಿಯರು. ಪ್ರವಾಸಿಗರಿಗಾಗಿ ಹುಡುಗಿಯರಿಗೆ ಉಡುಪು ತೊಡಿಸಿ ಕುಣಿಸುವ 'ಪ್ಯಾಕೇಜ್' ದುಡ್ಡಿಗೆ ದಂಡ.

ಕುರಿಗಳೂ ಊರು ಬಿಡುತ್ತವೆ. ಮೇವು ತೀರಿದಾಗ ಮಂದೆ ಭದ್ರಾ ಅಚ್ಚುಕಟ್ಟಿನ ಕೊಯ್ದ ಗದ್ದೆಗಳತ್ತ ಹೋಗುತ್ತದೆ. ಆದ್ದರಿಂದ ಹಟ್ಟಿಗಳಿಗೆ ಸೆಪ್ಟೆಂಬರಿನಿಂದ ನವೆಂಬರ್, ತಾಂಡಾಕ್ಕೆ ಆಗಸ್ಟಿನಿಂದ ಅಕ್ಟೋಬರ್.

ಗುಂಪು ಆರು ಮಂದಿ ದಾಟದಿರಲಿ, ನಡಿಗೆ ಐದಾರು ಕಿ.ಮೀ. ಸಾಕು, ತಲೆಗೆ ಮೂರು ಲೀಟರ್ ನೀರು. ಪೇಟೆಯ ಗೈಡ್ ಇದ್ದರೂ ಹಟ್ಟಿಯವರೊಬ್ಬರನ್ನು ಜೊತೆಗೆ ಕರೆದು, ದಿನದ ಕೂಲಿಗೆ ಕಡಿಮೆಯಿಲ್ಲದಂತೆ ಅವರ ಕೈಗೇ ಕೊಡಿ. ಬಳ್ಳಾರಿ ಜಾಲಿ ಮುಳ್ಳು ತೆಳು ಅಟ್ಟೆಯ ಶೂಗೆ ಸಲೀಸಾಗಿ ಇಳಿಯುತ್ತದೆ. ದಪ್ಪ ಅಟ್ಟೆ ಇರಲಿ, ಲೇಸ್ ಇರದಿರಲಿ, ಒಂದು ಬೆಳಗಿನಲ್ಲಿ ನಾಲ್ಕು ಸಲ ಬಿಚ್ಚಬೇಕಾಗುತ್ತದೆ. ಜೇಬಿನಲ್ಲೊಂದು ಸೂಜಿಯೋ ಚಿಮಟವೋ ಇಟ್ಟುಕೊಳ್ಳಿ, ಬರಿಗಾಲಲ್ಲಿ ಗುಡಿ ಸುತ್ತಿದ ಮೇಲೆ ಅದು ಬೇಕೇ ಬೇಕು.