ಮಿಶಿಮಾ: ಯಾವ ಪುಸ್ತಕ ಮೊದಲು?

ಜಪಾನಿನ ಕಾದಂಬರಿಕಾರ ಯುಕಿಯೊ ಮಿಶಿಮಾ ಅಂದರೆ ಎಲ್ಲರೂ ಮೊದಲು ಹೇಳುವುದು ಅವನ ಸಾವಿನ ಕಥೆ. 1970ರ ನವೆಂಬರ್ 25ರಂದು ನಾಲ್ವರು ಹುಡುಗರ ಜೊತೆ ಟೋಕಿಯೊದ ಸೇನಾ ನೆಲೆಗೆ ಹೋಗಿ, ಚಕ್ರವರ್ತಿಗಾಗಿ ದಂಗೆ ಏಳಿ ಎಂದು ಬಾಲ್ಕನಿಯಿಂದ ಕೂಗಿದ. ಸೈನಿಕರು ಗೇಲಿ ಮಾಡಿದರು. ಒಳಗೆ ಹೋಗಿ ಸೆಪ್ಪುಕು ಮಾಡಿಕೊಂಡ, ಅಂದರೆ ಸಮುರಾಯ್ ರೀತಿಯಲ್ಲಿ ಹೊಟ್ಟೆ ಸೀಳಿಕೊಂಡು ಸತ್ತ. ಆಗ ವಯಸ್ಸು 45.

ಆದರೆ ನೀವು ಓದಬೇಕಿರುವುದು ಕಾದಂಬರಿ ಅಲ್ವಾ? ಇಂಗ್ಲಿಷ್ ಅನುವಾದದಲ್ಲಿ ಶುರುಮಾಡಲು ಎರಡು ಹೇಳುತ್ತೇನೆ.

'ದಿ ಸೌಂಡ್ ಆಫ್ ವೇವ್ಸ್' (1954) ಸಣ್ಣದು, ಸಲೀಸು. ದ್ವೀಪದ ಮೀನುಗಾರ ಹುಡುಗ, ಕಡಲಿಗೆ ಮುಳುಗು ಹಾಕುವ ಹುಡುಗಿ, ನಡುವೆ ಊರಿನ ಗಾಸಿಪ್. ಎರಡು ಸಂಜೆಯಲ್ಲಿ ಮುಗಿಯುತ್ತದೆ. ಮುದ್ದಾಗಿದೆ, ಆದರೆ ಇಲ್ಲಿ ನಿಜವಾದ ಮಿಶಿಮಾ ಕಾಣುವುದು ಕಡಿಮೆ.

'ದಿ ಟೆಂಪಲ್ ಆಫ್ ದಿ ಗೋಲ್ಡನ್ ಪೆವಿಲಿಯನ್' (1956) ಬೇರೆಯೇ ಮಾತು. 1950ರಲ್ಲಿ ಕ್ಯೋಟೊದ ಚಿನ್ನದ ಮಂದಿರ ಕಿಂಕಾಕು-ಜಿಗೆ ಒಬ್ಬ ಎಳೆಯ ಸನ್ಯಾಸಿಯೇ ಬೆಂಕಿ ಇಟ್ಟ ನಿಜ ಘಟನೆ ಇದರ ಬೇರು. ನಾಯಕ ಮಿಜೊಗುಚಿಗೆ ತೊದಲು. ಮೊದಲ ಅಕ್ಷರ ಅವನಿಗೆ ತುಕ್ಕು ಹಿಡಿದ ಬೀಗದ ಕೈ ಇದ್ದಂತೆ, ತಿರುಗುವುದೇ ಇಲ್ಲ. ಹೀಗೆ ತನ್ನೊಳಗಿಂದ ಹೊರಗೆ ಬರಲಾಗದವನಿಗೆ ಆ ಮಂದಿರದ ಚೆಲುವೇ ಹಿಂಸೆಯಾಗುತ್ತದೆ. ನಡುವೆ ಝೆನ್ ಬೌದ್ಧ ಪಂಥದ ಚರ್ಚೆ ಸ್ವಲ್ಪ ಜಾಸ್ತಿ, ನಾನೂ ಕೆಲವು ಪುಟ ಹಾರಿಸಿದ್ದೆ.

ಬಸ್ಸಿನಲ್ಲಿ ಓದಲು ಮೊದಲನೆಯದು. ಒಂದೇ ಪುಸ್ತಕ ಓದುವ ವ್ಯವಧಾನ ಇದ್ದರೆ, ಸುಮ್ನೆ ಎರಡನೆಯದನ್ನೇ ತೆಗೆದುಕೊಳ್ಳಿ.