ಬೋರ್ಡಿಲ್ಲದ ಕಟ್ಟಿನ ಅಂಗಡಿಗೆ ನಾಲ್ಕು ಸ್ಟಾರ್

ಮೈಸೂರಿನ ಶಿವರಾಂಪೇಟೆ ಒಳಗಡೆ ಫೋಟೋಗೆ ಕಟ್ಟು ಹಾಕುವ ಒಂದು ಸಣ್ಣ ಅಂಗಡಿ ಇದೆ. ಬೋರ್ಡ್ ಇಲ್ಲ. ಬಾಗಿಲಲ್ಲಿ ನೇತಾಡುವ ಚಾಮುಂಡಿ, ರಾಯರು, ಡಾ. ರಾಜ್ ಫೋಟೋಗಳೇ ಗುರುತು. ಹೋದ ತಿಂಗಳು ಅಲ್ಲಿ ಎರಡು ಕಟ್ಟು ಮಾಡಿಸಿದೆ. 12 ಇಂಚು ಅಗಲ, 18 ಇಂಚು ಉದ್ದ, ತೇಗದ ಪಟ್ಟಿ, ಹಿಂದೆ ಹಾರ್ಡ್‌ಬೋರ್ಡ್. ಒಂದಕ್ಕೆ 850 ರೂಪಾಯಿ. ಅಡ್ವಾನ್ಸ್ 500 ಕೊಟ್ಟೆ.

ಫೋಟೋ ಯಾರದು ಅಂತ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗಲ್ಲ. ನಾನು ಮೃಗಾಲಯದಲ್ಲಿ ಕೀಪರ್. ಇಪ್ಪತ್ತಾರು ವರ್ಷ ಆಯ್ತು. ಫೋಟೋ ರಂಗಿಯದು. ರಂಗಿ ಅಂದರೆ ಪಟ್ಟೆ ಕತ್ತೆಕಿರುಬ. ಬಾವಿಗೆ ಬಿದ್ದಿದ್ದ ಮರಿಯನ್ನು ಊರವರು ಹಿಡಿದು ಕೊಟ್ಟಿದ್ದರು. ಹತ್ತೊಂಬತ್ತು ವರ್ಷ ನನ್ನ ಕೈಯಲ್ಲೇ ಉಂಡಳು.

ಕತ್ತೆಕಿರುಬ ಸತ್ತರೆ ಯಾರಿಗೂ ಸುದ್ದಿಯಲ್ಲ. 2014ರಲ್ಲಿ ಮೈಸೂರು ಝೂನ ಪೋಲೋ ಗೊರಿಲ್ಲಾ ತೀರಿಕೊಂಡಾಗ ಪೇಪರ್ ತುಂಬಾ ಅದೇ ಇತ್ತು. ಆಗ ದೇಶದಲ್ಲಿ ಇದ್ದ ಒಂದೇ ಗೊರಿಲ್ಲಾ ಅದು, ಬರಲೇಬೇಕು ಬಿಡಿ. ನಮ್ಮ ರಂಗಿಯನ್ನು ನೋಡಿದವರು ‘ಥೂ, ಏನ್ ವಾಸನೆ’ ಅಂದು ಹುಲಿ ಕಡೆ ಹೋಗುತ್ತಿದ್ದರು. ಹೆಣ ತೋಡಿ ತಿನ್ನುವ ಪ್ರಾಣಿ ಅಂತ ಹಳ್ಳಿ ಕಡೆಯವರಿಗೆ ಭಯ ಬೇರೆ.

ಅವಳಿಗೆ ವಯಸ್ಸಾದದ್ದು ನನಗೆ ಗೊತ್ತಾಗಿದ್ದು ಹಿಕ್ಕೆ ನೋಡಿ. ಕತ್ತೆಕಿರುಬ ಮೂಳೆಯನ್ನೂ ಅಗಿದು ಅರಗಿಸಿಕೊಳ್ಳುತ್ತದೆ. ಅದಕ್ಕೇ ಹಿಕ್ಕೆ ಒಣಗಿದಾಗ ಸುಣ್ಣದ ಉಂಡೆ ಥರ ಬೆಳ್ಳಗೆ. ಒಂದು ಬೇಸಿಗೆಯಲ್ಲಿ ಅದು ಕಪ್ಪಾಯಿತು. ಹಲ್ಲು ಸವೆದಿತ್ತು. ಡಾಕ್ಟರಿಗೆ ಹೇಳಿದೆ. ಮಾಂಸ ಸಣ್ಣಗೆ ಕೊಚ್ಚಿ ಕೊಡಲು ಶುರು ಮಾಡಿದೆವು. ಇನ್ನೊಂದೂವರೆ ವರ್ಷ ನಡೆಸಿದಳು.

ಸತ್ತ ದಿನ ಅಳೋಕೆ ಪುರುಸೊತ್ತು ಇರಲ್ಲ. ಡಾಕ್ಟರು ಬರಬೇಕು, ಪೋಸ್ಟ್‌ಮಾರ್ಟಂ ಆಗಬೇಕು, ಸ್ಯಾಂಪಲ್ ಲ್ಯಾಬಿಗೆ ಹೋಗಬೇಕು, ಆಮೇಲೆ ಸುಡಬೇಕು. ಪ್ರತಿ ತುಂಡಿಗೂ ಲೆಕ್ಕ. ನಂತರ ಗೂಡಿನ ನೆಲಕ್ಕೆ ಬರ್ನರ್ ಹಿಡಿದು, ಔಷಧಿ ನೀರಲ್ಲಿ ಉಜ್ಜಿ ತೊಳೆದದ್ದೂ ನಾನೇ. ಅಷ್ಟು ಹೊತ್ತಿಗೆ ಪಕ್ಕದ ಗೂಡಿನ ನರಿಗಳಿಗೆ ಊಟದ ಹೊತ್ತು. ಮನೆಯಲ್ಲಿ ಸಾವಾದರೆ ಸೂತಕ ಅಂತ ಹನ್ನೊಂದು ದಿನವಾದರೂ ಕೂರಬಹುದು. ಇದಕ್ಕೆ ಏನಂತ ಕೂರೋದು? ಮಾರನೇ ದಿನ ಬಕೆಟ್ ತುಂಬಿಸುವಾಗ ಅವಳ ಪಾಲನ್ನೂ ತೂಕ ಮಾಡಿಬಿಟ್ಟೆ. ಸುಮ್ನೆ ವಾಪಸ್ ಇಟ್ಟೆ.

ಮನೆಗೆ ಏನೂ ತರುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಅಂದರೆ ಕಾಯ್ದೆ. ಹಲ್ಲು, ಉಗುರು, ಚರ್ಮ, ಯಾವುದೂ ನೆನಪಿಗೆ ಅಂತ ಇಟ್ಟುಕೊಳ್ಳುವಂತಿಲ್ಲ. ಸರಿಯಾದ ಕಾನೂನೇ. 2023ರಲ್ಲಿ ಹುಲಿ ಉಗುರಿನ ಗಲಾಟೆ ಆದದ್ದು ನಿಮಗೂ ನೆನಪಿರಬಹುದು. ಹಾಗಾಗಿ ಉಳಿಯುವುದು ಫೋಟೋ ಒಂದೇ. ಇದನ್ನು ತೆಗೆದದ್ದು ವಾಲಂಟಿಯರ್ ಆಗಿ ಭಾನುವಾರ ಬರುವ ಒಬ್ಬ ಕಾಲೇಜು ಹುಡುಗಿ. ನಾವು ಯಾರೂ ಅಳದಿದ್ದಾಗ ಅವಳು ಸ್ಟೋರ್ ರೂಮಿನ ಹಿಂದೆ ನಿಂತು ಅತ್ತಿದ್ದಳು. ‘ಅಂಕಲ್, ನಿಮಗೆ ಏನೂ ಅನ್ಸಲ್ವಾ?’ ಅಂದಳು. ನನಗೆ ಉತ್ತರ ತೋಚಲಿಲ್ಲ. ಎರಡನೇ ಕಟ್ಟು ಅವಳಿಗೆ.

ಈಗ ಅಂಗಡಿ ವಿಷಯ. ಯಜಮಾನರಿಗೆ ಅರವತ್ತು ದಾಟಿದೆ. ಪೆನ್‌ಡ್ರೈವ್ ಕೊಟ್ಟು, ‘ಗಂಧದ ಹಾರ ಹಾಕಿ ಕೊಡ್ತೀರಲ್ಲ, ಅದೂ ಬೇಕು’ ಅಂದೆ. ‘ಯಾರು ಸಾರ್ ತೀರ್ಕೊಂಡಿದ್ದು?’ ಅಂದರು. ಕಂಪ್ಯೂಟರಲ್ಲಿ ಫೋಟೋ ತೆರೆದುಕೊಂಡಿತು. ನಗುತ್ತಾರೆ ಅಂತ ಕಾದೆ. ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, ‘ಹುಟ್ಟಿದ ತಾರೀಖು ಹೇಳಿ, ಕೆಳಗೆ ಹಾಕ್ತೀನಿ’ ಅಂದರು. ‘ಅದು ಗೊತ್ತಿಲ್ಲ, ಬಂದ ತಾರೀಖು ಗೊತ್ತು’ ಅಂದೆ. ‘ಅದನ್ನೇ ಹಾಕೋಣ ಬಿಡಿ ಸಾರ್’ ಅಂದರು. ಚಿಕ್ಕ ಕೆಂಪು ಬಲ್ಬು ಬೇಕಾ ಅಂತಲೂ ಕೇಳಿದರು. ಬೇಡ ಅಂದೆ, ಕಣ್ಣು ಹೊಳೆಯೋದೇ ಸಾಕು.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ಕಂಪ್ಯೂಟರ್ ಕೆಲಸ ಮಾಡುವ ಹುಡುಗ. ಫೋಟೋ ಜಾಲರಿ ಆಚೆಯಿಂದ ತೆಗೆದದ್ದು. ಮೈ ಮೇಲೆ ಜಾಲರಿ ನೆರಳು ಬಿದ್ದಿತ್ತು. ಹುಡುಗ ನೆರಳು ಅಳಿಸುತ್ತಾ ಎಡ ಪಕ್ಕೆಯ ಎರಡು ಪಟ್ಟೆಯನ್ನೂ ಅಳಿಸಿಬಿಟ್ಟಿದ್ದ! ಮೇಲಿಂದ ಚರ್ಮ ನುಣ್ಣಗೆ, ಮದುವೆ ಹೆಣ್ಣಿನ ಫೋಟೋ ಥರ. ನೋಡಿದ ತಕ್ಷಣ ಇವಳು ರಂಗಿ ಅಲ್ಲ ಅನ್ನಿಸಿತು. ಒಂದು ಕತ್ತೆಕಿರುಬದ ಪಟ್ಟೆ ಇನ್ನೊಂದಕ್ಕೆ ಇರಲ್ಲ. ಕಾಡಲ್ಲಿ ಕ್ಯಾಮೆರಾ ಇಟ್ಟು ಲೆಕ್ಕ ಹಾಕುವವರೂ ಅದರಿಂದಲೇ ಒಂದೊಂದನ್ನೂ ಗುರುತು ಹಿಡಿಯುತ್ತಾರೆ. ಅಂಗಡಿಯಲ್ಲಿ ಅಲ್ಲೇ ಜೋರು ಮಾಡಿದೆ. ‘ಅದು ನೆರಳಲ್ಲ ಕಣೋ, ಅವಳ ಮೈಯಿ!’ ಅಂದೆ. ಹೇಳುವಾಗ ಗಂಟಲು ಕಟ್ಟಿತು. ಮೂರು ವಾರದಲ್ಲಿ ಮೊದಲ ಸಲ. ಹುಡುಗ ಹೆದರಿದ. ಯಜಮಾನರು ಸ್ಟೂಲ್ ಕೊಟ್ಟು, ಪಕ್ಕದಿಂದ ಟೀ ತರಿಸಿದರು. ಒಂದು ಮಾತೂ ಆಡದೆ ಬೀಡಿಂಗ್ ಕೊಯ್ಯುತ್ತಾ ಕೂತರು.

ನಾಲ್ಕು ದಿನ ಅಂದಿದ್ದು ಹನ್ನೊಂದು ದಿನ ಆಯ್ತು. ಆದರೆ ಹೊಸದಾಗಿ ಪ್ರಿಂಟ್ ಹಾಕಿದ್ದಕ್ಕೆ ದುಡ್ಡು ಕೇಳಲಿಲ್ಲ. ಈ ಸಲ ಪಟ್ಟೆ ಎಲ್ಲಾ ಇದೆ, ಹೆದರಿದಾಗ ನಿಲ್ಲಿಸುವ ಬೆನ್ನ ಮೇಲಿನ ಜೂಲೂ ಚೆನ್ನಾಗಿ ಬಂದಿದೆ. ಗಾಜು ಮಾತ್ರ ಸಾದಾ, ಟ್ಯೂಬ್‌ಲೈಟ್ ಬೆಳಕು ಹೊಡೆಯುತ್ತೆ. ಹಾರದ ಗಂಧ ಅಪ್ಪಟ ಅಲ್ಲ, ಸೆಂಟು. 850ಕ್ಕೆ ಅಷ್ಟೇ ಅಲ್ವಾ.

ನನ್ನ ಹೆಂಡತಿ ಹಜಾರದಲ್ಲಿ ಬೇಡ ಅಂದಳು, ಬಂದವರು ಏನಂದುಕೊಳ್ಳುತ್ತಾರೆ ಅಂತ. ಈಗ ಬಾಗಿಲ ಹಿಂದೆ, ನಾನು ಗಮ್‌ಬೂಟ್ ಬಿಡುವ ಜಾಗದ ಮೇಲೆ ಇದೆ.

ಹೋಗುವವರು ಗೂಗಲ್ ಪೇ ನೆಚ್ಚಿಕೊಳ್ಳಬೇಡಿ, ಕ್ಯಾಶ್ ತಗೊಂಡು ಹೋಗಿ. ಏನನ್ನು ಅಳಿಸಬಾರದು ಅಂತ ಹುಡುಗನಿಗೆ ಮೊದಲೇ ಚೀಟಿಯಲ್ಲಿ ಬರೆದು ಕೊಡಿ.