ಅಪಾಚೆ ಆಕ್ಸಿಸ್2: ಮೇಲಿನ ಸೆಟ್ಟಿಂಗ್ ಕೆಳಗೆ ಬದಲಿಸೋದು ಎಷ್ಟು ಸಲೀಸು?

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಮಂಡ್ಯ ಕಡೆಯ ಕಬ್ಬಿನ ತೂಕದ ಲೆಕ್ಕವನ್ನು ಅಪಾಚೆ ಆಕ್ಸಿಸ್2 ಮೇಲೆ ಓಡಿಸುತ್ತೇವೆ. ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೂಲಕ ಒಂದಕ್ಕೊಂದು ಮಾತಾಡಲು ನೆರವಾಗುವ ಜಾವಾ ಸಾಫ್ಟ್‌ವೇರ್ ಇದು. ಇದರ 1.0 ಬಂದಿದ್ದು 2006ರಲ್ಲಿ. ಹೊಸ ಹುಡುಗರು ಸೋಪ್ ಸರ್ವಿಸ್ (ಎಕ್ಸ್‌ಎಂಎಲ್ ಸಂದೇಶಗಳ ಮೂಲಕ ಕೆಲಸ ಮಾಡುವ ಹಳೇ ಪದ್ಧತಿ) ಅಂದರೆ ಮೂಗು ಮುರಿಯುತ್ತಾರೆ. ಆದರೆ ಸೆಟ್ಟಿಂಗ್‌ಗಳನ್ನು ಇಷ್ಟು ಶಿಸ್ತಾಗಿ ನೋಡಿಕೊಳ್ಳುವ ಸಾಫ್ಟ್‌ವೇರ್ ನನ್ನ ಕೈಗೆ ಸಿಕ್ಕಿದ್ದು ಕಡಿಮೆ.

ಇಡೀ ಸರ್ವರ್‌ಗೆ ಅನ್ವಯಿಸುವ ಪ್ಯಾರಾಮೀಟರ್‌ಗಳು, ಅಂದರೆ ಸೆಟ್ಟಿಂಗ್‌ಗಳು, ಆಕ್ಸಿಸ್2.ಎಕ್ಸ್‌ಎಂಎಲ್ ಫೈಲಿನಲ್ಲಿ ಇರುತ್ತವೆ. ಅಲ್ಲಿಂದ ಸರ್ವಿಸ್ ಗ್ರೂಪ್, ಸರ್ವಿಸ್, ಆಪರೇಷನ್ (ಸರ್ವಿಸ್ ಮಾಡುವ ಒಂದೊಂದು ಕೆಲಸ) ಹೀಗೆ ಕೆಳಕ್ಕೆ ಇಳಿಯುತ್ತವೆ. ಕೆಳಗಿನ ಹಂತದಲ್ಲಿ ಅದೇ ಹೆಸರಿಗೆ ಬೇರೆ ಮೌಲ್ಯ ಕೊಟ್ಟರೆ, ಹತ್ತಿರದ್ದೇ ಗೆಲ್ಲುತ್ತದೆ. ಏನೂ ಕೊಡದಿದ್ದರೆ ಮೇಲಿನದೇ.

ನಮ್ಮಲ್ಲಿ ತೂಕದ ಚೀಟಿಯ ಫೋಟೊ ಕಳಿಸುವ ಸರ್ವಿಸ್ ಒಂದೇ ಇದೆ. ಫೋಟೊವನ್ನು ಬೇಸ್64 ಮಾಡಿ (ಬರೀ ಅಕ್ಷರಗಳಾಗಿ ಬದಲಿಸಿ) ಸಂದೇಶದ ಒಳಗೇ ತುರುಕಿದರೆ ಗಾತ್ರ ಸುಮಾರು ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ. ಹಳ್ಳಿ ಕಡೆಯ ನೆಟ್‌ವರ್ಕ್‌ಗೆ ಅದು ಭಾರ. ಎಂಟಾಮ್ ಅನ್ನುವ ವಿಧಾನ ಹಾಕಿದರೆ ಫೋಟೊ ಹಾಗೇ ಅಟ್ಯಾಚ್‌ಮೆಂಟ್ ಆಗಿ ಹೋಗುತ್ತದೆ. ಹಾಗಾಗಿ ಆ ಸರ್ವಿಸ್‌ನ ಸ್ವಂತ ಸೆಟ್ಟಿಂಗ್ ಫೈಲಾದ ಸರ್ವಿಸಸ್.ಎಕ್ಸ್‌ಎಂಎಲ್‌ನಲ್ಲಿ ಮಾತ್ರ 'ಎನೇಬಲ್‌ಎಂಟಾಮ್' ಅನ್ನು ಟ್ರೂ ಮಾಡಿದೆವು. ಒಂದು ಸಾಲು, ಅಷ್ಟೇ. ಉಳಿದ ಸರ್ವಿಸ್‌ಗಳಿಗೆ ಸುದ್ದಿಯೇ ಇಲ್ಲ.

ನನಗೆ ಇನ್ನೂ ಇಷ್ಟವಾದದ್ದು ಲಾಕ್. ತಪ್ಪಾದಾಗ ಒಳಗಿನ ಜಾವಾ ಸ್ಟ್ಯಾಕ್ ಟ್ರೇಸ್ (ತಪ್ಪು ಕೋಡಿನ ಎಲ್ಲೆಲ್ಲಿ ಆಯಿತು ಅನ್ನುವ ಪಟ್ಟಿ) ಹೊರಗಿನವರಿಗೆ ಹೋಗಬಾರದು, ಅಲ್ವಾ? ಅದಕ್ಕಿರುವ ಪ್ಯಾರಾಮೀಟರ್ ಅನ್ನು ಮೇಲಿನ ಫೈಲಿನಲ್ಲೇ ಫಾಲ್ಸ್ ಮಾಡಿ, ಪಕ್ಕದಲ್ಲಿ ಲಾಕ್ಡ್ ಟ್ರೂ ಅಂತ ಬರೆದರೆ ಮುಗಿಯಿತು. ಯಾವ ಸರ್ವಿಸ್‌ನ ಫೈಲೂ ಅದನ್ನು ಬದಲಿಸಲು ಆಗುವುದಿಲ್ಲ. ಬರೆಯದಿದ್ದರೆ ಲಾಕ್ ಇಲ್ಲ ಅಂತಲೇ ಲೆಕ್ಕ. ಭದ್ರತೆಗೆ ಸಂಬಂಧಿಸಿದ್ದಕ್ಕೆ ಮಾತ್ರ ಲಾಕ್ ಹಾಕಿ. ಎಲ್ಲಕ್ಕೂ ಹಾಕಿದರೆ ಸರ್ವಿಸ್ ಬರೆಯುವವರ ಕೈ ಕಟ್ಟಿದಂತೆ.

ಕೊರತೆಯೂ ಇದೆ. ಲಾಕ್ ಆದದ್ದನ್ನು ಯಾರಾದರೂ ಬದಲಿಸಲು ಹೋದರೆ, ಬಿಲ್ಡ್ ಮಾಡುವಾಗ ಎಚ್ಚರಿಕೆ ಬರುವುದಿಲ್ಲ. ಡಿಪ್ಲಾಯ್ ಆಗುವಾಗ, ಅಂದರೆ ಸರ್ವರ್‌ಗೆ ಏರಿಸುವಾಗ, ಆ ಸರ್ವಿಸ್ ಫಾಲ್ಟಿ (ದೋಷವಿರುವ) ಸರ್ವಿಸ್‌ಗಳ ಪಟ್ಟಿಗೆ ಬೀಳುತ್ತದೆ. ಸರ್ವರ್ ಮಾತ್ರ ಏನೂ ಆಗದ ಹಾಗೆ ಓಡುತ್ತಿರುತ್ತದೆ. ಲಾಗ್ ನೋಡದವರು ಸುಮ್ನೆ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸುತ್ತಾರೆ. ಇನ್ನೊಂದು ವಿಷಯ, ಹಾಟ್‌ಅಪ್‌ಡೇಟ್ (ಸರ್ವರ್ ನಿಲ್ಲಿಸದೆ ಸರ್ವಿಸ್ ಬದಲಿಸುವ ಸೌಲಭ್ಯ) ಶುರುವಿನಲ್ಲಿ ಆಫ್ ಇರುತ್ತದೆ. ಓಡುತ್ತಿರುವ ಸರ್ವಿಸ್‌ನ ಎಎಆರ್ ಫೈಲ್ (ಸರ್ವಿಸ್‌ನ ಪ್ಯಾಕೇಜ್) ಬದಲಿಸಿದರೆ ಸರ್ವರ್ ರೀಸ್ಟಾರ್ಟ್ ಬೇಕೇ ಬೇಕು.

ಹಳೇ ಸೋಪ್ ಸರ್ವಿಸ್ ನಡೆಸುವವರಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಹೊಸದಾಗಿ ಶುರು ಮಾಡುವವರು ಬೇರೆ ದಾರಿ ನೋಡಿ. ಈಗಾಗಲೇ ಬಳಸುತ್ತಿದ್ದರೆ ಅಡ್ಮಿನ್ ಪುಟದ ಪಾಸ್‌ವರ್ಡ್ ಇವತ್ತೇ ಬದಲಿಸಿ, ಅದು ಮೊದಲಿಂದ 'ಆಕ್ಸಿಸ್2' ಅಂತಲೇ ಇರುತ್ತದೆ.